ಹತ್ತು ಮೀನಿನ ಕಾಲ: ನೀರಿಗಿಳಿಯುವ ಮುನ್ನ

ಮುಂಗಾರಿನ ಮೊದಲ ಜಡಿಮಳೆ ಎರಡು ಮೂರು ದಿನ ಬಿಡದೆ ಸುರಿದರೆ ಸಾಕು, ಮಲೆನಾಡು ಮತ್ತು ಕರಾವಳಿಯ ಹಳ್ಳಿಗಳಲ್ಲಿ ಯುವಕರ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಹೊಳೆಯ ಮೀನು ಮೊಟ್ಟೆಯಿಡಲು ಹೊಸ ನೀರಿಗೆ ಎದುರಾಗಿ ಈಜುತ್ತಾ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತುತ್ತದೆ. ಮಲೆನಾಡಿನವರು ಇದನ್ನು ಹತ್ತು ಮೀನು ಎನ್ನುತ್ತಾರೆ. ತುಳುನಾಡಿನಲ್ಲಿ ಇದು ಉಬರ್, ಗಡಿಯಾಚೆಯ ಕೇರಳದಲ್ಲಿ ಊತ್ತ. ಇಶಾ ನಮಾಝ್ ಮುಗಿಸಿ ಟಾರ್ಚು, ಕತ್ತಿ, ಚೀಲ ಹಿಡಿದು ನಾಲ್ಕು ಮಂದಿ ಗದ್ದೆಬಯಲಿಗೆ ಇಳಿದರೆ ಮಧ್ಯರಾತ್ರಿಯ ಹೊತ್ತಿಗೆ ಚೀಲ ತುಂಬುತ್ತದೆ. ಮರುದಿನ ನೆರೆಮನೆಗೂ ಒಂದು ಪಾಲು ಹೋಗುತ್ತದೆ.

ಇದು ತಲೆತಲಾಂತರದಿಂದ ಬಂದ ಶಿಕಾರಿ. ಇದರಲ್ಲಿ ಸಂತೋಷವಿದೆ, ಊಟವಿದೆ, ಗೆಳೆತನವಿದೆ. ಆದರೆ ಪ್ರತಿ ಮಳೆಗಾಲದಲ್ಲೂ ಹೀಗೆ ಹೋದ ಕೆಲವರು ಹಿಂತಿರುಗುವುದಿಲ್ಲ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿದುಹೋಗುವ ಆ ಸಾವುಗಳಲ್ಲಿ ಹೆಚ್ಚಿನವು ತಪ್ಪಿಸಬಹುದಾದವು. ನೆರೆನೀರು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಇಳಿಯಬಾರದು, ಆಪತ್ತು ಬಂದಾಗ ಮೊದಲು ಮಾಡಬೇಕಾದುದೇನು, ಇವನ್ನೆಲ್ಲ ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ಹಲಾಲ್ ಎಂಬುದು ಪೂರ್ತಿ ಉತ್ತರವಲ್ಲ

ನೀರಿನ ಬೇಟೆ ನಮಗೆ ಅನುಮತಿಸಲ್ಪಟ್ಟಿದೆ ಎಂಬುದರಲ್ಲಿ ಸಂಶಯವಿಲ್ಲ. ಸೂರಃ ಅಲ್ ಮಾಇದಾದ 96ನೇ ವಚನದಲ್ಲಿ ಅಲ್ಲಾಹನು ಇದನ್ನು ಸ್ಪಷ್ಟಪಡಿಸಿದ್ದಾನೆ. ಮೀನನ್ನು ಝಬಹ್ ಮಾಡಬೇಕಾಗಿಯೂ ಇಲ್ಲ. ಆದರೆ ಆಹಾರ ಹಲಾಲ್ ಆಗಿದ್ದ ಮಾತ್ರಕ್ಕೆ ಅದನ್ನು ಸಂಪಾದಿಸುವ ಪ್ರತಿಯೊಂದು ದಾರಿಯೂ ಸರಿಯಾಗಿಬಿಡುವುದಿಲ್ಲ. ಸ್ವಂತ ಕೈಗಳಿಂದ ನಮ್ಮನ್ನು ನಾವೇ ನಾಶಕ್ಕೆ ತಳ್ಳಿಕೊಳ್ಳಬಾರದೆಂದು ಸೂರಃ ಅಲ್ ಬಕರಾದ 195ನೇ ವಚನ ತಾಕೀತು ಮಾಡುತ್ತದೆ. ಆ ಮಾತು ಬಂದಿರುವುದು ಅಲ್ಲಾಹನ ಮಾರ್ಗದಲ್ಲಿ ಖರ್ಚು ಮಾಡುವ ಸಂದರ್ಭದಲ್ಲಾದರೂ, ಜೀವವನ್ನು ವೃಥಾ ಅಪಾಯಕ್ಕೊಡ್ಡುವ ಎಲ್ಲ ಕೆಲಸಗಳಿಗೂ ವಿದ್ವಾಂಸರು ಅದನ್ನು ಅನ್ವಯಿಸಿದ್ದಾರೆ.

"ಆಯುಸ್ಸು ಇದ್ದರೆ ಉಳಿಯುತ್ತೇವೆ, ಇಲ್ಲದಿದ್ದರೆ ಮನೆಯಲ್ಲಿದ್ದರೂ ಹೋಗುತ್ತೇವೆ" ಎಂದು ಹೇಳುವ ಯುವಕರಿದ್ದಾರೆ. ಕೇಳಲು ಇದು ತವಕ್ಕುಲ್‌ನಂತೆ ಕಾಣುತ್ತದೆ. ಆದರೆ ಒಂಟೆಯನ್ನು ಕಟ್ಟಿಹಾಕಿ ಭರವಸೆಯಿಡಲೇ, ಬಿಟ್ಟು ಭರವಸೆಯಿಡಲೇ ಎಂದು ಕೇಳಿದವನಿಗೆ ಪ್ರವಾದಿ(ಸ)ರು ಹೇಳಿದ್ದು ಮೊದಲು ಕಟ್ಟಿಹಾಕಬೇಕೆಂದು, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು. ತಿರ್ಮಿದಿಯಲ್ಲಿ ವರದಿಯಾಗಿರುವ ಈ ಹದೀಸ್ ನಮಗೆಲ್ಲ ಬಾಯಿಪಾಠ. ಹಗ್ಗವಿಲ್ಲದೆ, ಜೊತೆಯಿಲ್ಲದೆ ಉಕ್ಕುವ ಹಳ್ಳಕ್ಕಿಳಿಯುವುದು ಒಂಟೆಯನ್ನು ಬಿಟ್ಟುಬಿಡುವ ಕೆಲಸವೇ.

ಮುಳುಗಿ ಸತ್ತವರಿಗೆ ಶಹೀದರ ಸ್ಥಾನವಿದೆಯೆಂಬ ಹದೀಸನ್ನೂ ಕೆಲವರು ನೆನಪಿಸುತ್ತಾರೆ. ಅದು ಕಣ್ಣೀರಿಡುವ ಮನೆಗೆ ಅಲ್ಲಾಹನು ಕೊಟ್ಟ ಸಾಂತ್ವನ. ಎಚ್ಚರ ತಪ್ಪಲು ಸಿಕ್ಕ ಪರವಾನಗಿಯಲ್ಲ.

ಇನ್ನೂ ಒಂದು ವಿಷಯ ಗಮನಿಸಿ. ಮಳೆ ಸುರಿಯುವ ಚಳಿಯ ರಾತ್ರಿಗಳಲ್ಲಿ ಜನರು ತಮ್ಮ ಬಿಡಾರಗಳಲ್ಲೇ ನಮಾಝ್ ಮಾಡಲಿ ಎಂದು ಪ್ರವಾದಿ(ಸ)ರು ಅಝಾನಿನ ಜೊತೆಗೆ ಸಾರಿಸುತ್ತಿದ್ದರೆಂದು ಬುಖಾರಿಯಲ್ಲಿದೆ. ಜಮಾಅತ್ ನಮಾಝಿಗೇ ಮಳೆಯ ರಾತ್ರಿ ರಿಯಾಯಿತಿ ಸಿಕ್ಕಿರುವಾಗ, ಒಂದು ಚೀಲ ಮೀನಿಗಾಗಿ ಹೋಗಲೇಬೇಕೆಂಬ ಹಠಕ್ಕೆ ಯಾವ ಆಧಾರವಿದೆ?

ನೀರಿನ ಬಲ ಕಣ್ಣಿಗೆ ಕಾಣುವುದಿಲ್ಲ

ಒಂದು ಘನ ಮೀಟರ್ ನೀರಿನ ತೂಕ 1,000 ಕಿಲೋ. ಅಷ್ಟು ಭಾರ ನಮ್ಮ ಕಾಲಿಗೆ ಬಂದು ತಾಗುತ್ತಲೇ ಇರುತ್ತದೆ, ಬಿಡುವೇ ಇರುವುದಿಲ್ಲ. ಹರಿವಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ, ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಹೀಗಾಗಿ ನಿನ್ನೆ ಸಲೀಸಾಗಿ ದಾಟಿದ ತೋಡು ಇಂದು "ಸ್ವಲ್ಪವೇ ಜೋರಾಗಿ" ಹರಿಯುತ್ತಿದ್ದರೂ ನಮ್ಮನ್ನು ಕೆಡವಬಲ್ಲದು. ರಭಸದ ನೀರು ಕೇವಲ 15 ಸೆಂಟಿಮೀಟರ್, ಅಂದರೆ ಅರ್ಧ ಅಡಿ ಇದ್ದರೂ ದೊಡ್ಡವರ ಕಾಲು ಕೀಳಬಹುದು. ಒಂದಡಿ ನೀರು ಸಣ್ಣ ಕಾರನ್ನು, ಎರಡಡಿ ನೀರು ಹೆಚ್ಚಿನ ವಾಹನಗಳನ್ನು ಎಳೆದೊಯ್ಯಬಲ್ಲದು. ಬೈಕಿನಲ್ಲಿ ಮುಳುಗುಸೇತುವೆ ದಾಟುವವರು ಇದನ್ನು ನೆನಪಿಡಬೇಕು.

ಆಳ ಹೆಚ್ಚಿದಂತೆ ಮತ್ತೊಂದು ತೊಂದರೆ. ನೀರು ಸೊಂಟಕ್ಕೆ ಬಂದಾಗ ಅದು ನಮ್ಮನ್ನು ಮೇಲಕ್ಕೆತ್ತುತ್ತದೆ. ಪಾದಗಳ ಮೇಲೆ ಬೀಳುವ ಭಾರ ಇಳಿದು ನೆಲದ ಹಿಡಿತ ಸಡಿಲವಾಗುತ್ತದೆ. ನೀರಿನ ತಳ್ಳುವಿಕೆ ಹೆಚ್ಚುವ ಹೊತ್ತಿಗೇ ನಮ್ಮ ಹಿಡಿತ ಕಡಿಮೆಯಾಗುತ್ತದೆ.

ಮೂರನೆಯದು ದೂರದ ಮಳೆ. ಆಗುಂಬೆಯಂಥ ಘಟ್ಟದ ತಲೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಘಟ್ಟದಲ್ಲಿ ಬಿದ್ದ ಮಳೆ ಕೆಳಗಿನ ಹಳ್ಳಕ್ಕೆ ಬರುವಾಗ ಕೆಳಗೆ ಆಕಾಶ ತಿಳಿಯಾಗಿರಬಹುದು. "ಇಲ್ಲಿ ಮಳೆ ನಿಂತಿದೆಯಲ್ಲ" ಎಂಬ ಧೈರ್ಯವೇ ಆಗ ಮೋಸ ಮಾಡುತ್ತದೆ. ಹರಿಯುವ ನೀರಿನ ಬಣ್ಣ ಥಟ್ಟನೆ ಕೆಂಪಗಾದರೆ, ಎಲೆ ಕಡ್ಡಿ ತರಗು ಹೆಚ್ಚು ಹೆಚ್ಚಾಗಿ ತೇಲಿಬಂದರೆ, ಹಳ್ಳದ ಸದ್ದು ಗಡುಸಾದರೆ, ನೀರು ಏರುತ್ತಿದೆ ಎಂದು ಅರ್ಥ. ಮೀನು ಎಷ್ಟೇ ಇರಲಿ, ಆ ಕ್ಷಣವೇ ದಡ ಹತ್ತಬೇಕು. ದಡದಲ್ಲಿ ನೀರಿನಂಚಿಗೆ ಒಂದು ಕಡ್ಡಿ ನೆಟ್ಟು ಆಗಾಗ ಟಾರ್ಚು ಹಾಕಿ ನೋಡುವುದು ಹಳಬರ ಉಪಾಯ. ಕಡ್ಡಿಯ ಬುಡ ಮುಳುಗಿದರೆ ಶಿಕಾರಿ ಮುಗಿಯಿತು.

ಎಲ್ಲಿ ಇಳಿಯಬಾರದು

ಹತ್ತು ಮೀನು ಸಿಗುವುದು ತೆಳುನೀರಿನಲ್ಲಿ. ಗದ್ದೆಯೊಳಗೆ, ಬದುವಿನ ಕಂಡಿಯಲ್ಲಿ, ಸಣ್ಣ ತೋಡಿನ ಅಂಚಿನಲ್ಲಿ ಸಿಗುವ ಮೀನಿಗಾಗಿ ದೊಡ್ಡ ಹೊಳೆಗೆ ಇಳಿಯುವ ಅಗತ್ಯವೇ ಇಲ್ಲ. ಹರಿಯುವ ನೀರು ಮೊಣಕಾಲಿನ ಕೆಳಗೇ ಇರಬೇಕು, ಕಾಲಿಡುವ ಜಾಗ ಮೊದಲೇ ಗೊತ್ತಿರಬೇಕು. ಈ ಒಂದು ನಿಯಮ ಪಾಲಿಸಿದರೆ ಅಪಾಯದ ಬಹುಪಾಲು ಅಲ್ಲಿಗೇ ಕಳೆಯುತ್ತದೆ. ಅದರ ಜೊತೆಗೆ ಈ ಸ್ಥಳಗಳಿಂದ ದೂರವಿರಿ:

ಕಿಂಡಿ ಅಣೆಕಟ್ಟಿನ ಕೆಳಭಾಗ. ಮೇಲಿನಿಂದ ಧುಮುಕಿದ ನೀರು ಕಟ್ಟದ ಬುಡದಲ್ಲಿ ಹಿಂದಕ್ಕೆ ತಿರುಗಿ ಸುತ್ತುತ್ತಿರುತ್ತದೆ. ಮೇಲಕ್ಕೆ ಹಾರಲು ಮೀನು ಅಲ್ಲೇ ಗುಂಪುಗೂಡುವುದರಿಂದ ಜನರೂ ಅಲ್ಲೇ ಸೇರುತ್ತಾರೆ. ಆದರೆ ಆ ಸುತ್ತಿಗೆ ಸಿಕ್ಕವರನ್ನು ನೀರು ಬಿಡುವುದಿಲ್ಲ. ಒಳ್ಳೆಯ ಈಜುಗಾರರೂ ಅಲ್ಲಿ ಸೋಲುತ್ತಾರೆ.

ಕೆಂಪುಕಲ್ಲಿನ ಕೋರೆ ಮತ್ತು ಮರಳು ತೆಗೆದ ಗುಂಡಿ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಕಲ್ಲು ಕಡಿದು ಬಿಟ್ಟ ಕೋರೆಗಳು ಮಳೆಗಾಲದಲ್ಲಿ ತುಂಬಿ ಕೆರೆಯಂತೆ ಕಾಣುತ್ತವೆ. ಅವುಗಳಿಗೆ ಇಳಿಜಾರು ಇರುವುದಿಲ್ಲ. ಒಂದು ಹೆಜ್ಜೆ ಪಾದದಷ್ಟು ನೀರಿನಲ್ಲಿದ್ದರೆ ಮುಂದಿನ ಹೆಜ್ಜೆ ಇಪ್ಪತ್ತಡಿ ಆಳದಲ್ಲಿರಬಹುದು. ಗೋಡೆಯಂಥ ಬದಿಗೆ ಹತ್ತಿಬರಲು ಹಿಡಿಯೂ ಸಿಗುವುದಿಲ್ಲ. ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳೂ ಹೀಗೆಯೇ.

ಮೋರಿಯ ಬಾಯಿ. ರಸ್ತೆಯಡಿಯ ಕೊಳವೆಗೆ ನೀರು ಒಳನುಗ್ಗುವ ಬದಿಯಲ್ಲಿ ನಿಲ್ಲಬಾರದು. ಅದು ಮನುಷ್ಯನನ್ನೂ ಎಳೆದುಕೊಳ್ಳುತ್ತದೆ.

ಕಾಲುಸಂಕ. ಪಾಚಿ ಹಿಡಿದ ಅಡಿಕೆ ಮರದ ಸಂಕವನ್ನು ರಾತ್ರಿ ಮೀನಿನ ಚೀಲ ಹೊತ್ತು ದಾಟುವಾಗಲೇ ಕಾಲು ಜಾರುವುದು. ಸಂಕ ದಾಟದೆ ಹೋಗಬಹುದಾದ ಜಾಗಕ್ಕೆ ಮಾತ್ರ ಹೋಗಿ.

ಅಣೆಕಟ್ಟಿನ ಕೆಳಗಿನ ಹೊಳೆ. ಲಿಂಗನಮಕ್ಕಿ, ಗಾಜನೂರು, ಭದ್ರಾದಂಥ ಜಲಾಶಯಗಳು ತುಂಬಿದಾಗ ಗೇಟು ತೆರೆಯುತ್ತಾರೆ. ಮುನ್ಸೂಚನೆ ಕೊಟ್ಟ ದಿನಗಳಲ್ಲಿ ನದಿಪಾತ್ರಕ್ಕೆ ಕಾಲಿಡಲೇಬೇಡಿ.

ಹೊರಡುವ ಮುನ್ನ

ಒಬ್ಬರೇ ಹೋಗಬೇಡಿ, ಕನಿಷ್ಠ ಮೂವರಿರಲಿ. ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ಅಲ್ಲಿ ನಿಲ್ಲಬೇಕು, ಮತ್ತೊಬ್ಬರು ನೆರವು ಕರೆಯಲು ಓಡಬೇಕು. ಯಾವ ಗದ್ದೆಬಯಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಹೇಳಿಯೇ ಹೊರಡಿ. ಹೇಳಿದ ಹೊತ್ತು ಮೀರಿದರೆ ಏನು ಮಾಡಬೇಕೆಂಬುದೂ ಮನೆಯವರಿಗೆ ಗೊತ್ತಿರಲಿ. ಈಜು ಬಾರದವರು, ಮೂರ್ಛೆರೋಗ ಇರುವವರು, ಹದಿನೆಂಟು ತುಂಬದ ಮಕ್ಕಳು ರಾತ್ರಿಯ ನೀರಿಗೆ ಬೇಡ. ಈಜು ಬರುತ್ತದೆಂಬುದು ಕೂಡ ನೆರೆಯಲ್ಲಿ ಅರ್ಧ ಭರವಸೆ ಮಾತ್ರ. ಕೆರೆಯಲ್ಲಿ ಕಲಿತ ಈಜು ಕಲ್ಲುಬಂಡೆಯ ನಡುವೆ ನುಗ್ಗುವ ಹಳ್ಳದಲ್ಲಿ ಕೈಗೂಡುವುದು ಕಷ್ಟ.

ಲುಂಗಿ ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೊಣಕಾಲಿನವರೆಗಿನ ಚಡ್ಡಿಯೋ ಬಿಗಿಯಾದ ಪ್ಯಾಂಟೋ ಇರಲಿ. ಅಗಲ ಬಾಯಿಯ ಗಂಬೂಟಿಗೆ ನೀರು ಹೊಕ್ಕರೆ ಹೆಜ್ಜೆ ಎತ್ತಲಾಗದು. ಲೇಸು ಕಟ್ಟುವ ಹಳೆಯ ಕ್ಯಾನ್ವಾಸ್ ಶೂ ವಾಸಿ. ತಲೆಗೆ ಕಟ್ಟುವ ಟಾರ್ಚು ಇದ್ದರೆ ಎರಡೂ ಕೈ ಬಿಡುವಾಗಿರುತ್ತವೆ, ಜೊತೆಗೆ ಇನ್ನೊಂದು ಟಾರ್ಚು ಇರಲಿ. ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ. ಆರಡಿಯ ಬಿದಿರಿನ ಗಳ ಒಯ್ದು, ಅದನ್ನು ಮುಂದಿಟ್ಟು ನೆಲ ತಡಕಿ, ಆಮೇಲೆ ಕಾಲಿಡಿ.

ಲೈಫ್ ಜಾಕೆಟ್ ಇದ್ದರೆ ತುಂಬ ಒಳ್ಳೆಯದು. ಇಲ್ಲದವರು ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಮುಚ್ಚಳ ಬಿಗಿದು, ಹಿಡಿಕೆಗೆ ಐವತ್ತು ಅಡಿ ಹಗ್ಗ ಕಟ್ಟಿ ದಡದಲ್ಲಿಡಿ. ಅದು ಸುಮಾರು ಐದು ಕಿಲೋ ಭಾರವನ್ನು ತೇಲಿಸುತ್ತದೆ. ದೊಡ್ಡವರ ತಲೆ ನೀರಿನ ಮೇಲೆ ನಿಲ್ಲಲು ಸಾಮಾನ್ಯವಾಗಿ ಅಷ್ಟು ಆಸರೆ ಸಾಕು. ಒಂದು ಹಿಡಿ ಮರಳು ಒಳಗಿದ್ದರೆ ದೂರ ಎಸೆಯಲು ಬರುತ್ತದೆ. ಖರ್ಚು ಹಗ್ಗದ್ದು ಮಾತ್ರ.

ಒಬ್ಬರು ಕೊಚ್ಚಿಹೋದರೆ

ಅತಿ ದೊಡ್ಡ ದುರಂತಗಳು ನಡೆಯುವುದು ಇಲ್ಲಿಯೇ. ಒಬ್ಬ ಜಾರಿದ, ಅಣ್ಣ ಹಾರಿದ, ಅವನ ಹಿಂದೆ ಗೆಳೆಯ ಹಾರಿದ. ಕೊನೆಗೆ ಒಂದೇ ಮೊಹಲ್ಲಾದಿಂದ ಮೂರು ಜನಾಝಾ ಹೊರಡುತ್ತವೆ. ಪ್ರೀತಿಯೇ ಅವರನ್ನು ಹಾರಿಸುತ್ತದೆ. ಆದರೆ ಮುಳುಗುವವನು ಸಿಕ್ಕವರನ್ನು ತಬ್ಬಿ ಹಿಡಿಯುತ್ತಾನೆ, ಇಬ್ಬರೂ ಕೆಳಗೆ ಹೋಗುತ್ತಾರೆ. ಆದ್ದರಿಂದ ನೀರಿಗೆ ಹಾರಬೇಡಿ. ದಡದಲ್ಲಿ ಬೋರಲು ಮಲಗಿ ಗಳ ಚಾಚಿ. ಎಟುಕದಿದ್ದರೆ ಕ್ಯಾನು, ಹಗ್ಗ, ಗಂಟುಹಾಕಿದ ಲುಂಗಿ, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಎಸೆಯುವವರು ಹಗ್ಗವನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಳ್ಳಬಾರದು. ಇನ್ನೊಬ್ಬರು ಆಗಲೇ 112ಕ್ಕೆ ಕರೆ ಮಾಡಬೇಕು. ಅಗ್ನಿಶಾಮಕ ದಳಕ್ಕೆ 101, ಆಂಬ್ಯುಲೆನ್ಸಿಗೆ 108.

ನೀವೇ ಕೊಚ್ಚಿಹೋದರೆ ನಿಲ್ಲಲು ಹೆಣಗಬೇಡಿ. ರಭಸದ ನೀರಿನಲ್ಲಿ ನಿಲ್ಲಲು ಹೋದರೆ ಪಾದ ಕಲ್ಲುಗಳ ನಡುವೆ ಸಿಕ್ಕಿಕೊಂಡು ನೀರು ಮೈಯನ್ನು ಮುಂದಕ್ಕೆ ಮಗುಚುತ್ತದೆ. ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಪಾದಗಳನ್ನು ಮೇಲೆತ್ತಿಕೊಂಡಿರಿ. ಬಂಡೆ ಎದುರಾದರೆ ಪಾದದಿಂದ ಒದ್ದು ಸರಿಯಬಹುದು. ಕೈಗಳಿಂದ ಓರೆಯಾಗಿ ದಡದ ಕಡೆ ಸಾಗಿ. ನೀರು ಮೊಣಕಾಲಿಗಿಂತ ಕಡಿಮೆಯಾದ ಮೇಲಷ್ಟೇ ಎದ್ದು ನಿಲ್ಲಿ. ಮುಂದೆ ಬಿದ್ದ ಮರವೋ ತಂತಿಬೇಲಿಯೋ ಕಂಡರೆ ಮಾತ್ರ ಬೋರಲು ತಿರುಗಿ, ಜೋರಾಗಿ ಈಜಿ ಅದರ ಮೇಲೆ ಹತ್ತಬೇಕು. ಅದರ ಅಡಿಗೆ ಹೋದರೆ ಹೊರಬರುವುದು ಕಷ್ಟ.

ಮೇಲೆ ತಂದವರನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಎರಡೂ ತಪ್ಪು. ಉಸಿರಿಲ್ಲದಿದ್ದರೆ ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಐದು ಬಾರಿ ಉಸಿರು ಊದಿ. ಬಳಿಕ ಎದೆಯ ನಡುವೆ ಎರಡೂ ಕೈಯಿಟ್ಟು, ಎದೆ ಎರಡು ಅಂಗುಲದಷ್ಟು ತಗ್ಗುವಂತೆ 30 ಸಲ ಒತ್ತಿ, 2 ಸಲ ಉಸಿರು ಕೊಡಿ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120 ಇರಲಿ. ನೆರವು ಬರುವವರೆಗೂ ಬಿಡದೆ ಮುಂದುವರಿಸಿ. ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಶ್ವಾಸಕೋಶಕ್ಕೆ ಹೋದ ನೀರು ಗಂಟೆಗಳ ನಂತರವೂ ತೊಂದರೆ ಕೊಡಬಹುದು.

ಕರೆಂಟು: ಬೇಟೆಗಾರನೇ ಬಲಿ

ಮೇಲಿನ ತಂತಿಗೆ ಕೊಕ್ಕೆ ಹಾಕಿಯೋ, ಬ್ಯಾಟರಿ ಇನ್ವರ್ಟರಿನಿಂದಲೋ ನೀರಿಗೆ ಕರೆಂಟು ಬಿಟ್ಟು ಮೀನು ಹಿಡಿಯುವ ಪಿಡುಗು ಕೆಲವು ಕಡೆ ಇದೆ. ನೀರಿನಲ್ಲಿ ನಿಂತವನಿಗೂ ಮೀನಿಗೂ ಕರೆಂಟು ಭೇದ ಮಾಡುವುದಿಲ್ಲ. ಅದು ಕಳ್ಳತನ, ಕಾನೂನಿನ ಪ್ರಕಾರ ಅಪರಾಧ. ಮೇಲಾಗಿ ಮರಿ ಮೊಟ್ಟೆಗಳನ್ನೂ ಬಿಡದ ಸಂಹಾರ. ಅದೇ ನೀರಿನಲ್ಲಿ ಕೆಳಗೆ ಇನ್ನೊಬ್ಬರ ಮಗು ನಿಂತಿರಬಹುದು, ದನ ನೀರು ಕುಡಿಯುತ್ತಿರಬಹುದು. ಇತರರಿಗೆ ಹಾನಿ ಮಾಡಬಾರದೆಂಬ ಪ್ರವಾದಿ(ಸ) ಬೋಧನೆಯನ್ನು ಮುರಿದು ತಂದ ಮೀನಿನಲ್ಲಿ ಬರಕತ್ ಎಲ್ಲಿಂದ ಬರಬೇಕು? ವಿಷ ಹಾಕುವುದು, ತೋಟೆ ಸಿಡಿಸುವುದು ಇದೇ ಸಾಲಿಗೆ ಸೇರುತ್ತವೆ.

ಇಂಥದ್ದನ್ನು ಮಾಡದವರಿಗೂ ಅಪಾಯ ತಪ್ಪಿದ್ದಲ್ಲ. ಗಾಳಿಮಳೆಗೆ ತಂತಿ ಹರಿದು ಗದ್ದೆಗೆ ಬಿದ್ದಿರಬಹುದು, ಕಾಡುಹಂದಿಗೆಂದು ಯಾರೋ ಬೇಲಿಗೆ ಕರೆಂಟು ಕೊಟ್ಟಿರಬಹುದು. ರಾತ್ರಿ ಹೋಗುವ ಬಯಲನ್ನು ಹಗಲಿನಲ್ಲೇ ಒಮ್ಮೆ ನೋಡಿ ಬನ್ನಿ, ಗದ್ದೆಯ ಯಜಮಾನರನ್ನು ಕೇಳಿಯೇ ಇಳಿಯಿರಿ. ಬಿದ್ದ ತಂತಿ ಕಂಡರೆ ಅಥವಾ ಕಾಲು ಜುಮ್ಮೆಂದರೆ ಓಡಬೇಡಿ. ಎರಡೂ ಪಾದ ಜೋಡಿಸಿ, ಎತ್ತದೆ, ಚಿಕ್ಕದಾಗಿ ತೆವಳಿಸುತ್ತಾ ಹಿಂದೆ ಸರಿಯಿರಿ. ವಿದ್ಯುತ್ ದೂರಿನ ಸಂಖ್ಯೆ 1912.

ಹಾವು, ಮುಳ್ಳು, ಇಲಿಜ್ವರ

ಬಿಲಕ್ಕೆ ನೀರು ನುಗ್ಗಿದಾಗ ಹಾವುಗಳು ಬದುವಿಗೆ ಬರುತ್ತವೆ, ಕೂಣಿಯೊಳಕ್ಕೂ ಸೇರುತ್ತವೆ. ಇಟ್ಟ ಕೂಣಿಗೆ ನೇರವಾಗಿ ಕೈ ಹಾಕಬೇಡಿ. ಟಾರ್ಚು ಬಿಟ್ಟು ನೋಡಿ, ದಡಕ್ಕೆ ತಂದು ಸುರಿಯಿರಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಉಂಗುರ, ವಾಚು ತೆಗೆದು, ಕಚ್ಚಿದ ಅಂಗ ಅಲುಗಾಡದಂತೆ ಕೋಲು ಕಟ್ಟಿ, ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ ಒಯ್ಯಿರಿ. ಮಂತ್ರ, ನಾಟಿಮದ್ದು ಎಂದು ಹೊತ್ತು ಕಳೆಯಬೇಡಿ. ದುಆ ದಾರಿಯುದ್ದಕ್ಕೂ ಮಾಡಬಹುದು.

ಮುಗುಡು, ಚೇಳು ಮೀನಿನ ಮುಳ್ಳು ಚುಚ್ಚಿದರೆ ತೀವ್ರ ಉರಿಯಾಗುತ್ತದೆ. ತಡೆಯುವಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆ ಅದ್ದಿಟ್ಟರೆ ನೋವು ಇಳಿಯುತ್ತದೆ. ಆಮೇಲೆ ಸೋಪಿನಿಂದ ತೊಳೆದು, ಟಿಟಿ ಚುಚ್ಚುಮದ್ದಿನ ಬಗ್ಗೆ ವೈದ್ಯರಲ್ಲಿ ಕೇಳಿ.

ಇಲಿಜ್ವರ ಗದ್ದೆನೀರಿನ ಗುಪ್ತ ಶತ್ರು. ಇಲಿಯ ಮೂತ್ರ ಸೇರಿದ ನೀರಿನಿಂದ ರೋಗಾಣು ಕಾಲಿನ ಗಾಯದ ಮೂಲಕ ಒಳಸೇರುತ್ತದೆ. ಜ್ವರ ಬರುವುದು ಸಾಮಾನ್ಯವಾಗಿ ಒಂದೆರಡು ವಾರಗಳ ನಂತರ, ಮೀನು ಹಿಡಿದದ್ದು ಮರೆತುಹೋದ ಮೇಲೆ. ಜ್ವರ, ಮೀನಖಂಡದ ವಿಪರೀತ ನೋವು, ಕೆಂಪು ಕಣ್ಣು, ಕಾಮಾಲೆ ಕಂಡರೆ ವೈದ್ಯರಿಗೆ "ಗದ್ದೆನೀರಿಗೆ ಇಳಿದಿದ್ದೆ" ಎಂದು ತಪ್ಪದೆ ಹೇಳಿ. ಬೇಗ ಗುರುತಿಸಿದರೆ ಸಾಮಾನ್ಯ ಔಷಧಿಯಿಂದಲೇ ಗುಣವಾಗುತ್ತದೆ. ತಡವಾದರೆ ಮೂತ್ರಪಿಂಡ, ಯಕೃತ್ತಿಗೆ ಹೊಡೆತ. ಕಾಲಿನಲ್ಲಿ ಗಾಯವಿದ್ದವರು ಗುಣವಾಗುವವರೆಗೆ ಇಳಿಯಬೇಡಿ. ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ.

ಕೋವಿ ಬೇಡ, ಗರ್ಭದ ಮೀನೂ ಬೇಡ

ಮೀನಿಗೆ ಹೊರಟ ಕೆಲವರು ಕೋವಿಯನ್ನೂ ಒಯ್ಯುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಆಮೆ, ಉಡಗಳೂ ಇದರಲ್ಲಿ ಸೇರಿವೆ. ಕತ್ತಲಲ್ಲಿ ಅಲುಗಿದ ಪೊದೆಗೆ ಗುಂಡು ಹಾರಿಸಿ ಜೊತೆಗಾರನನ್ನೇ ಕಳೆದುಕೊಂಡ ಘಟನೆಗಳು ಮಲೆನಾಡಿಗೆ ಹೊಸತಲ್ಲ. ಬಾಣ ತಾಗಿದ ಬೇಟೆ ನೀರಿನಲ್ಲಿ ಬಿದ್ದು ಸತ್ತಿದ್ದು ಕಂಡರೆ ತಿನ್ನಬಾರದೆಂದು ಪ್ರವಾದಿ(ಸ)ರು ಅದಿಯ್ಯ್ ಬಿನ್ ಹಾತಿಮ್(ರ)ರಿಗೆ ಕಲಿಸಿದ್ದರು. ಕೊಂದದ್ದು ನೀರೋ ಬಾಣವೋ ತಿಳಿಯದು ಎಂಬುದೇ ಅದಕ್ಕೆ ಕಾರಣ. ಬೇಟೆಯ ಮಾಂಸದಲ್ಲೇ ಸಂಶಯಕ್ಕೆ ಎಡೆಕೊಡದ ಧರ್ಮ ನಮ್ಮದು. ಹಾಗಿರುವಾಗ ಮನುಷ್ಯಜೀವದ ವಿಷಯದಲ್ಲಿ "ನೋಡೋಣ, ಏನಾಗುತ್ತದೆ" ಎನ್ನಬಹುದೇ?

ಇನ್ನು ಮೀನಿನ ಕಡೆಯಿಂದಲೂ ಒಂದು ಮಾತು. ಹತ್ತಿ ಬರುವುದು ಮೊಟ್ಟೆ ತುಂಬಿದ ಮೀನು. ಅದನ್ನೆಲ್ಲ ಬಾಚಿದರೆ ಮುಂದಿನ ವರ್ಷ ಹೊಳೆ ಬರಿದಾಗುತ್ತದೆ. ಸಂತಾನೋತ್ಪತ್ತಿಯ ಕಾಲದಲ್ಲಿ ಹೊಳೆ, ಜಲಾಶಯಗಳಲ್ಲಿ ಮೀನು ಹಿಡಿಯದಂತೆ ಮೀನುಗಾರಿಕೆ ಇಲಾಖೆ ನಿರ್ಬಂಧ ಹೇರುವುದುಂಟು. ಸಮುದ್ರದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ ಇರುವುದೂ ಇದೇ ಕಾರಣಕ್ಕೆ. ನಿಮ್ಮ ತಾಲೂಕಿನ ನಿಯಮವೇನೆಂದು ಕೇಳಿ ತಿಳಿಯಿರಿ. ನಿರ್ಬಂಧವಿದ್ದಲ್ಲಿ ಬಿಟ್ಟುಬಿಡಿ. ಇಲ್ಲದಲ್ಲಿಯೂ ಮನೆಗೆ ಬೇಕಾದಷ್ಟೇ ತನ್ನಿ.

ಜಮಾಅತ್ ಮಾಡಬಹುದಾದದ್ದು

ಈ ಎಲ್ಲ ಎಚ್ಚರ ಒಬ್ಬೊಬ್ಬರಿಂದ ಆಗುವಂಥದ್ದಲ್ಲ. ಜೂನ್ ತಿಂಗಳ ಮೊದಲ ಜುಮಾದಲ್ಲಿ ಖತೀಬರು ಐದು ನಿಮಿಷ ಇದಕ್ಕೆ ಮೀಸಲಿಡಲಿ. ನೀರು ಏರಿದ ರಾತ್ರಿ ಮಸೀದಿಯ ಧ್ವನಿವರ್ಧಕದಲ್ಲಿ ಒಂದು ಎಚ್ಚರಿಕೆ ಹೇಳಲಿ, ಅದು ಎಲ್ಲ ಧರ್ಮದ ನೆರೆಹೊರೆಯವರಿಗೂ ಉಪಕಾರ. ಮಸೀದಿಯಲ್ಲಿ ಎರಡು ಲೈಫ್ ಜಾಕೆಟ್, ಒಂದು ಉದ್ದ ಹಗ್ಗ ಇರಲಿ. ಎದೆ ಒತ್ತಿ ಉಸಿರು ಕೊಡುವ ಕ್ರಮವನ್ನು ಆಸ್ಪತ್ರೆಯವರನ್ನು ಕರೆಸಿ ಯುವಕರಿಗೂ ತಾಯಂದಿರಿಗೂ ಕಲಿಸಲಿ. ಬೇಸಿಗೆಯಲ್ಲೇ ಮಕ್ಕಳಿಗೆ ಈಜು ಕಲಿಸುವ ವ್ಯವಸ್ಥೆಯಾಗಲಿ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎಂಬ ಕುರ್‌ಆನಿನ ಬೋಧನೆಗೆ ನಮ್ಮೂರಿನ ಹಳ್ಳದ ದಡವೂ ಒಂದು ಜಾಗವೇ.

ಮನೆಯ ಹಿರಿಯರಲ್ಲಿ ಒಂದು ಕೋರಿಕೆ. ಮಗ ಬರಿಗೈಯಲ್ಲಿ ಬಂದ ರಾತ್ರಿ "ಪಕ್ಕದ ಮನೆಯವರಿಗೆ ಸಿಕ್ಕಿತಲ್ಲ" ಎಂದು ಕೇಳಬೇಡಿ. "ನೀರು ಏರುತ್ತಿತ್ತು, ಹಿಂದೆ ಬಂದೆ" ಎಂದರೆ ಅವನನ್ನು ಮೆಚ್ಚಿ, ಬಿಸಿ ಚಹಾ ಕೊಡಿ. ರಿಝ್ಕ್ ಕೊಡುವವನು ಅಲ್ಲಾಹನು. ಇಂದು ಬಿಟ್ಟ ಮೀನಿನ ಬದಲು ನಾಳೆ ಇನ್ನೊಂದು ಸಿಗುತ್ತದೆ, ಇನ್ಶಾ ಅಲ್ಲಾಹ್. ನಮ್ಮ ಮಕ್ಕಳನ್ನೂ ನೆರೆಹೊರೆಯವರ ಮಕ್ಕಳನ್ನೂ ಈ ಮಳೆಗಾಲದ ಎಲ್ಲ ಆಪತ್ತುಗಳಿಂದ ಅವನು ಕಾಪಾಡಲಿ. ಆಮೀನ್.